ತಗಡು ಬಡಿಯದ ಹೊಲ

ಬೇವೂರು
೧೯-೧೧-೧೯೮೧

ಚಿ. ಅಮಾತೆಪ್ಪನಿಗೆ ಅಕ್ಕ ಸುಂದರವ್ವ ಬರೆಯುವುದು.

ಇಲ್ಲಿ ಎಲ್ಲ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ ಎಂದು ಪ್ರತಿ ಸಲ ಮೊದಲು ಬರೆಯುತ್ತಿದ್ದೆ. ಈ ಸಲ ಆ ಸಾಲಿಗೆ ಕೈ ಏಳಲಿಲ್ಲ. ನಿನ್ನ ಕಾಗದ ಸೋಮವಾರ ಬಂತು. ಬರುವ ರವಿವಾರ ಅದೇ ಸಾಹೇಬರನ್ನು ಮತ್ತೆ ಕರೆತರುತ್ತೀಯಂತೆ. ಎಷ್ಟು ಚಿಗರಿ ಜಿಂಕೆ ಉಳಿದಿವೆ, ಈಗ ಯಾವ ಹೊತ್ತಿಗೆ ಮೇಯಲು ಇಳಿಯುತ್ತವೆ ಎಂದು ಕೇಳಿದ್ದೀಯ. ಅದನ್ನು ನನ್ನನ್ನೇ ಕೇಳಲು ನಿನಗೆ ನಾಚಿಕೆಯಾದರೂ ಬೇಡವೇ?

ಅಪ್ಪ ಹೊಲ ಹಂಚಿದಾಗ ಎರೆ ಹೊಲ ನಿನಗೆ ಬಂತು. ಗಂಡನನ್ನು ಕಳೆದುಕೊಂಡು ತವರಿಗೆ ಬಂದ ನನಗೆ ಗುಡ್ಡದ ಬುಡದ ಮೂರೆಕರೆ ಗರಸು ಬಂತು. ನಾನು ತಕರಾರು ಮಾಡಲಿಲ್ಲ. ಎರಡು ಬೆರಳು ಮಣ್ಣು, ಕೆಳಗೆ ಬರೀ ಕಲ್ಲು. ಜೋರು ಮಳೆ ಬಂದರೆ ಆ ಎರಡು ಬೆರಳೂ ಕೆಂಪಗೆ ಹಳ್ಳಕ್ಕೆ ಹರಿಯುತ್ತಿತ್ತು. ಬಾಗಲಕೋಟೆಯ ಬೀಜದ ಅಂಗಡಿಯಲ್ಲಿ ಕೆಲಸಕ್ಕಿದ್ದ ನೀನೇ ಎಣ್ಣೆ ಡಬ್ಬಿ ತುಂಬ ಸಜ್ಜೆ ತಂದು ಕೊಟ್ಟೆ. “ಅಕ್ಕಾ, ದಟ್ಟಾಗಿ ಬಿತ್ತು. ತೆನಿ ಮುರೀಬ್ಯಾಡ, ದಂಟ ಕೊಯ್ಯಬ್ಯಾಡ. ಹಕ್ಕಿ, ಚಿಗರಿ ತಿಂದು ಉಳಿದದ್ದು ಅಲ್ಲೇ ಬಿದ್ದು ಕೊಳೀಲಿ. ನಾಕು ವರ್ಷದಾಗ ಮಣ್ಣು ಹೆಂಗಾಗ್ತದ ನೋಡು” ಎಂದೆ.

ನೋಡಿದೆ. ಹೊಟ್ಟೆಪಾಡಿಗೆ ಊರವರ ಕೌದಿ ಹೊಲಿಯುತ್ತ ನಾಲ್ಕು ಮಳೆಗಾಲ ಬಿತ್ತಿದೆ, ಒಂದು ತೆನೆಯನ್ನೂ ಮನೆಗೆ ತರಲಿಲ್ಲ. ಪಕ್ಕದ ಹೊಲದ ಯಂಕಪ್ಪ, “ಏನ್ರಿ ಸುಂದರವ್ವಾರ, ಬಿತ್ತಾಕ ನೀವು, ಉಣ್ಣಾಕ ಚಿಗರಿ ಏನ್ರಿ?” ಎಂದು ನಗುತ್ತಿದ್ದ. ಎಲ್ಲರೂ ತೆನೆ ಕಟ್ಟುವ ಕಾಲಕ್ಕೆ ತಗಡು ಬಡಿದು, ಗಂಟಲು ಹರಿಯುವಂತೆ ಕೂಗುತ್ತಿದ್ದರು. ನನ್ನ ಹೊಲದಲ್ಲಿ ಮಾತ್ರ ತಗಡಿನ ಸದ್ದಿಲ್ಲ. ಎರಡನೇ ವರ್ಷಕ್ಕೇ ಚಿಗರಿಗಳಿಗೆ ಅದು ಗೊತ್ತಾಗಿಹೋಯಿತು. ಬದುವಿನ ಮೇಲೆ ನಾನು ಕೂತಿದ್ದರೂ ಅವು ಮೇಯುತ್ತಿದ್ದವು.

ಮಣ್ಣಿನ ವಿಷಯದಲ್ಲಿ ನೀನು ಸುಳ್ಳು ಹೇಳಿರಲಿಲ್ಲ. ನನಗೆ ಹೆಚ್ಚು ಉರಿಯುವುದು ಅದಕ್ಕೇ. ಕಲ್ಲಿಗೆ ಬಡಿದು ಟಣ್ ಎನ್ನುತ್ತಿದ್ದ ಕುರ್ಪಿ ಈಗ ಹಿಡಿಯವರೆಗೆ ಇಳಿಯುತ್ತದೆ. ಎರೆಹುಳ ಬಂದಿವೆ. ಎಲ್ಲವೂ ಸುಳ್ಳಾಗಿದ್ದರೆ ನಿನ್ನನ್ನು ಮೋಸಗಾರ ಎಂದು ಬೈದು ಸುಮ್ಮನಾಗುತ್ತಿದ್ದೆ.

ಹೋದ ವರ್ಷದಿಂದ ನಿನ್ನ ಕಾಗದಗಳಲ್ಲಿ ಚಿಗರಿಯ ವಿಚಾರಣೆ ಶುರುವಾಯಿತು. ಎಷ್ಟು ಬರುತ್ತವೆ, ಯಾವ ಕಡೆಯಿಂದ, ಎಷ್ಟು ಹೊತ್ತಿಗೆ? ತಮ್ಮನಿಗೆ ಅಕ್ಕನ ಹೊಲದ ಮೇಲೆ ಎಷ್ಟು ಮಾಯೆ ಎಂದು ನಾನು ಹಿಗ್ಗಿದೆ. ಹೊತ್ತು ಮುಳುಗುವ ಮುಂಚೆ, ಈಚಲ ಗಿಡಗಳ ಕಡೆಯಿಂದ, ಮೊದಲು ಕುಂಟ ಹೆಣ್ಣು, ಅದರ ಮರಿ, ಎಲ್ಲಕ್ಕಿಂತ ಹಿಂದೆ ಕರಿ ಗಂಡು ಎಂದು ಒಂದೂ ಬಿಡದೆ ಬರೆದೆ. ನಿಜ ಹೇಳುತ್ತೇನೆ, ಏಳು ಬಂದಿದ್ದರೆ ಒಂಬತ್ತು ಎಂದೂ ಬರೆದಿದ್ದೇನೆ. ನೀನು ಭೇಷ್ ಎನ್ನಬೇಕು ಎಂಬ ಆಸೆ.

ದೀಪಾವಳಿ ಮುಗಿದ ರವಿವಾರ ನಿನ್ನ ಜೀಪು ಬಂತು. ಮಣ್ಣು ನೋಡಲು ಬಂದ ಸಾಹೇಬರು ಎಂದೆ. ಪಂಚಮಿಗೆ ನೀನು ಉಡಿಸಿದ ಇಳಕಲ್ ಸೀರೆ ಉಟ್ಟು ರೊಟ್ಟಿ, ಎಣ್ಣೆಗಾಯಿ ಪಲ್ಯ ಬಡಿಸಿದೆ. ಅವರಲ್ಲೊಬ್ಬರು ಹೊಲದಲ್ಲಿ ಒಂದು ಹಿಡಿ ಮಣ್ಣೆತ್ತಿ ಮೂಸಿ, “ಭಾಳ ಚಲೋ ಮಾಡೀರಿ, ಬಾಯಾರ” ಎಂದಾಗ ನನ್ನ ಕಣ್ಣು ತುಂಬಿತು. ನೀನು, “ಅಕ್ಕಾ, ಮನಿಗೆ ಹೋಗಿ ಚಹಾಕ್ಕ ಇಡು, ಹಿಂದಿಂದ ಬರ್ತೇವಿ” ಎಂದು ಕಳಿಸಿದೆ. ಒಲೆಯ ಮೇಲೆ ನೀರು ಕುದಿಯುವಾಗ ಬಂದೂಕಿನ ಸದ್ದು ಮೂರು ಸಲ ಕೇಳಿತು. ನಿಮ್ಮ ಜೀಪು ನನ್ನ ಬಾಗಿಲಲ್ಲಿ ನಿಲ್ಲದೆ ಹೋಯಿತು. ಐದು ಕಪ್ಪು ಚಹಾವನ್ನು ಅಂಗಳಕ್ಕೆ ಚೆಲ್ಲಿದೆ.

ಮರುದಿನ ಬೆಳಿಗ್ಗೆ ನೆರೆಮನೆಯ ಮಾಬುಬಿಯನ್ನು ಕರೆದುಕೊಂಡು ಹೋದೆ. ದೂರ ಗುಡ್ಡದಲ್ಲಿ ನಿಂತ ಹಿಂಡಿನಲ್ಲಿ ಕರಿ ಗಂಡು ಇರಲಿಲ್ಲ, ಜೊತೆಗೆ ಇನ್ನೆರಡು ಕಡಿಮೆ. ನಾಲ್ಕು ವರ್ಷ ಮೆತ್ತಗೆ ಮಾಡಿದ ಮಣ್ಣಲ್ಲಿ ಅವುಗಳನ್ನು ಎಳೆದ ಗುರುತು ಚೆನ್ನಾಗಿ ಮೂಡಿತ್ತು. ಈಚಲ ಗಿಡದ ಮರೆಯಲ್ಲಿ ಸಿಗರೇಟಿನ ತುಂಡುಗಳ ನಡುವೆ ಒಂದು ಇನ್‌ಲ್ಯಾಂಡ್ ಕಾಗದ ಬಿದ್ದಿತ್ತು. ನಾನೇ ನಿನಗೆ ಬರೆದದ್ದು. ‘ಹೊತ್ತು ಮುಳುಗುವ ಮುಂಚೆ’, ‘ಈಚಲ ಗಿಡ’ ಎಂದು ನಾನು ಬರೆದ ಮಾತುಗಳ ಕೆಳಗೆ ಕೆಂಪು ಪೆನ್ಸಿಲ್ಲಿನ ಗೆರೆ. ಅಂಚಿನಲ್ಲಿ ನಿನ್ನ ಅಕ್ಷರ: “ಇಲ್ಲೇ ಕೂಡಬೇಕು.” ಓದು ಬಾರದ ಮಾಬುಬಿ, “ಯಾರ ಕಾಗದ ಬೇ ಅದು?” ಎಂದು ಕೇಳಿದಳು. ಯಾರದೋ ಎಂದು ಸೆರಗಿನಲ್ಲಿ ಕಟ್ಟಿಕೊಂಡೆ.

ಅರಣ್ಯ ಕಚೇರಿಗೆ ಬರೆಯೋಣವೆಂದು ಕಾರ್ಡು ತಂದೆ. ನಿನ್ನ ಹೆಸರಿನ ಹತ್ತಿರ ಬಂದು ಪೆನ್ನು ನಿಂತಿತು. ಅಪ್ಪ ಬಿಸಿಲಲ್ಲಿ ನಿನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದ್ದು ನೆನಪಾಯಿತು. ಕಾರ್ಡು ಹಾಗೇ ಗೋಡೆಯ ಗೂಡಿನಲ್ಲಿದೆ, ಹರಿದು ಹಾಕಿಲ್ಲ.

ಸೀರೆಯನ್ನು ಬಸ್ಸಿನ ಹುಸೇನಸಾಬನ ಕೈಯಲ್ಲಿ ಕಳಿಸಿದ್ದೇನೆ, ಇಸಿದುಕೋ. ಇನ್ನು ನನ್ನ ಮನೆಯ ಹೊಸ್ತಿಲು ತುಳಿಯಬೇಡ. ರವಿವಾರ ಬಂದರೆ ನಿನ್ನ ಸಾಹೇಬರಿಗೆ ಸಿಗುವುದು ಒಣ ದಂಟು ಮಾತ್ರ.

ಇಂತಿ,
ನಿನ್ನ ಮಾತು ನಂಬಿದ
ಸುಂದರವ್ವ

ತಾ.ಕ.: ಯಾವ ಹೊತ್ತಿಗೆ ಇಳಿಯುತ್ತವೆ ಎಂದು ಕೇಳಿದ್ದೆಯಲ್ಲ, ಈಗ ಯಾವ ಹೊತ್ತಿಗೂ ಇಲ್ಲ. ನಿನ್ನ ಕಾಗದ ಬಂದ ದಿನದಿಂದ ಬೆಳಿಗ್ಗೆ, ಸಂಜೆ ಹೊಲದಲ್ಲಿ ನಿಂತು ತಗಡು ಬಡಿಯುತ್ತಿದ್ದೇನೆ. ನೀನು ಸಜ್ಜೆ ತಂದುಕೊಟ್ಟ ಅದೇ ಎಣ್ಣೆ ಡಬ್ಬಿ. ಮೊದಲ ದಿನ ಕುಂಟ ಹೆಣ್ಣು ಮರಿಯ ಜೊತೆ ನಿಂತು ನನ್ನ ಮುಖವನ್ನೇ ನೋಡಿತು, ಓಡಲಿಲ್ಲ. ಕಲ್ಲು ಎಸೆದೆ. ಇಂದು ಬೆಳಿಗ್ಗೆ ನಾನು ತಗಡು ಎತ್ತುವ ಮೊದಲೇ, ನನ್ನನ್ನು ಕಂಡೇ ಓಡಿಹೋಯಿತು.