ಕರೆಗಂಟೆಯ ಪಕ್ಕದ ಹೆಸರುಗಳು

ಬುಡಾಪೆಸ್ಟ್, ಏಳನೇ ವಾರ್ಡು
೧೨ ಫೆಬ್ರವರಿ ೨೦೧೯

ನನ್ನ ಅಕ್ಕನ ಮುದ್ದಿನ ಮಗಳೇ ಬೊಗ್ಲಾರ್ಕಾ,

ಮೂವತ್ತು ವರ್ಷದಿಂದ ಈ ಬುಡಾಪೆಸ್ಟನ್ನು ನಡೆಸುತ್ತಿರುವವನು ನಿನ್ನ ಡೆಜೋ ಮಾವನೇ ಎಂಬುದು ನಿನಗೆ ಗೊತ್ತಿರುವ ವಿಷಯ. ಮೇಯರು ಬರೀ ಸಹಿ ಹಾಕುವವನು. ನೀನು ಹೇಗಿದ್ದೀಯ? ಪುಟ್ಟ ಝೋಫಿಯ ಕೆಮ್ಮು ನಿಂತಿತೇ? ಲಿಂಜ್‌ನ ಆ ಆಸ್ಪತ್ರೆಯವರು ನಿನ್ನನ್ನು ಇನ್ನೂ ಎರಡೆರಡು ಪಾಳಿ ದುಡಿಸುತ್ತಾರೆಯೇ? ಊಟ ಮಾತ್ರ ಬಿಡಬೇಡ.

ಈಸ್ಟರಿಗೆ ಅಲ್ಲಿನ ಕೆಲಸ ಬಿಟ್ಟು ಮಗುವಿನ ಜೊತೆ ಅಮ್ಮನ ಖಾಲಿ ಮನೆಗೇ ಬಂದುಬಿಡುತ್ತೇನೆ, ಝೋಫಿಯನ್ನು ನೋಡಿಕೊಳ್ಳಲು ವಠಾರದ ತುಂಬ ಜನರಿದ್ದಾರಲ್ಲ ಎಂದು ಬರೆದಿದ್ದೀಯ. ಓದಿದವನೇ ಅವಸರದಲ್ಲಿ ಬರೆಯಲು ಕೂತೆ. ಅಕ್ಷರ ಸೊಟ್ಟಗಿದ್ದರೆ ನಮ್ಮ ಹಳ್ಳಿ ಶಾಲೆಯನ್ನು ಬೈಯಬೇಡ. ನಾನು ಕಳಿಸಿದ ಫೋಟೋ ನೋಡಿ ತಾನೇ ನೀನು ನಂಬಿದ್ದು? ಬೀದಿ ಬಾಗಿಲಿನ ಕರೆಗಂಟೆಗಳ ಪಕ್ಕ ಹದಿನೇಳು ಹೆಸರು, ಎಲ್ಲಾ ನೀನು ಚಿಕ್ಕಂದಿನಿಂದ ಕಂಡವರದೇ. ಆ ಬರಹ ನನ್ನದು, ಬೊಗಿ. ಮನೆಗಳನ್ನು ಕೊಂಡವರು ಪ್ರವಾಸಿಗಳಿಗೆ ಬಾಡಿಗೆಗೆ ಬಿಟ್ಟು, ಗಂಟೆಗಳಿಗೆ ಬರೀ ನಂಬರು ಅಂಟಿಸಿದ್ದರು. ನೋಡಲಾರದೆ ಹಳೆಯ ಹೆಸರುಗಳನ್ನು ಬರೆದು ಮೇಲೆ ಅಂಟಿಸಿದೆ. ಅಂಚೆಯವಳೂ ಮೋಸಹೋದಳು ಎಂದು ಒಂದು ವಾರ ಮೀಸೆ ತಿರುವಿದೆ.

ಹೋದ ಮಂಗಳವಾರ ನಾನು ಮಾರುಕಟ್ಟೆಗೆ ಹೋಗಿದ್ದಾಗ ಮೂರನೇ ಮಹಡಿಯ ಪಿರೋಷ್ಕಾ ಅಜ್ಜಿ ಅಡುಗೆಮನೆಯಲ್ಲಿ ಜಾರಿ ಬಿದ್ದು, ಹೇಗೋ ಫೋನು ಎಳೆದುಕೊಂಡು ಆಂಬುಲೆನ್ಸ್ ಕರೆಸಿದಳು. ಎದ್ದು ಬೀದಿ ಬಾಗಿಲು ತೆಗೆಯಲು ಅವಳಿಂದಾಗಲಿಲ್ಲ. ಆಂಬುಲೆನ್ಸಿನವನು ಹೆಸರಿದ್ದ ಗಂಟೆಗಳನ್ನೆಲ್ಲ ಒಂದೊಂದಾಗಿ ಒತ್ತುತ್ತ ಅರ್ಧ ಗಂಟೆ ಚಳಿಯಲ್ಲಿ ನಿಂತಿದ್ದ; ಈ ಚಳಿಗಾಲದಲ್ಲಿ ಪ್ರವಾಸಿಗಳೂ ಇರಲಿಲ್ಲ. ನಾನು ಬಂದು ಬಾಗಿಲು ತೆಗೆದೊಡನೆ, "ಏನ್ ತಾತ, ಇಷ್ಟು ಜನ ಇದ್ದೂ ಒಬ್ರೂ ಬಾಗ್ಲು ತೆಗೀಲಿಲ್ಲ, ಇದೇನು ಕಿವುಡರ ವಠಾರಾನಾ?" ಎಂದ. ಆಮೇಲೆ ಕೆಳಗಿಳಿಸುವಾಗ ಸ್ಟ್ರೆಚರಿನ ಮೇಲಿಂದ ಅಜ್ಜಿ, "ಲೋ ಡೆಜೋ, ನೀನು ಹೆಸ್ರು ಅಂಟಿಸಿದ ಆ ಕೊವಾಚ್ ಸತ್ತು ಆರು ವರ್ಷ ಆಯ್ತಲ್ಲೋ. ಅವನು ಎದ್ದು ಬಂದು ತೆಗೀಬೇಕಿತ್ತಾ?" ಎಂದಳು. ತೊಡೆಯ ಮೂಳೆ ಮುರಿದಿದೆ. ಹೆಸರುಗಳನ್ನು ಅವತ್ತೇ ಉಗುರಿನಿಂದ ಕೆರೆದು ಕಿತ್ತೆ.

ಝೋಫಿಯ ಎರಡು ಕೆನ್ನೆಗೂ ನನ್ನ ಮುತ್ತು. ದೇವರು ನಿಮ್ಮಿಬ್ಬರನ್ನೂ ಬೆಚ್ಚಗಿಡಲಿ.

ನಿನ್ನ ಡೆಜೋ ಮಾವ

ತಾ.ಕ.: ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು. ರಾಜೀನಾಮೆ ಕೊಡುವ ಮೊದಲು ಇದನ್ನು ಓದು. ಝೋಫಿಯ ಜೊತೆ ಆಡಲು ಇಲ್ಲಿ ಒಂದು ಮಗುವೂ ಇಲ್ಲ. ನೀನು ಊರು ಬಿಟ್ಟ ವರ್ಷ ವಠಾರದಲ್ಲಿ ನಾವು ನಲವತ್ತೊಂದು ಜನ ಉಳಿದಿದ್ದೆವು. ಆಮೇಲೆ ಕಳೆದುಕೊಂಡದ್ದು ಐದಾರು ಮಂದಿಯನ್ನು ಮಾತ್ರ ಎಂದು ಬರೆಯುತ್ತ ಬಂದೆ. ಸುಳ್ಳು. ಮೂವತ್ತೊಂಬತ್ತು. ಅಜ್ಜಿಯನ್ನು ಆಸ್ಪತ್ರೆಯಿಂದ ಮಗಳು ತನ್ನ ಮನೆಗೆ ಕರೆದೊಯ್ದರೆ, ನಲವತ್ತು.