ಕಳಿಸದ ಮಾತುಗಳನ್ನು ಎಲ್ಲಿಟ್ಟಿರಿ, ಗಣಕ ಶಾಖೆಯ ಮುಖ್ಯಸ್ಥರೇ?

ಮಾನ್ಯ ಗಣಕ ಶಾಖೆಯ ಮುಖ್ಯಸ್ಥರೇ,

ನಮ್ಮ ಗೂಡನ್ನು ನಮಗೆ ವಾಪಸು ಕೊಡಿ. ಕುಶಲ ವಿಚಾರಿಸುವುದು ಆಮೇಲೆ. ಕಳೆದ ತಿಂಗಳು ತಾವು ನಮ್ಮ ನೇಕಾರರ ಸಂಘದ ಇ-ಮೇಲ್ ವ್ಯವಸ್ಥೆಯನ್ನು ಹಳೆಯ ಯಂತ್ರದಿಂದ ಕಿತ್ತು ಹೊಸ ಆವೃತ್ತಿಗೆ ಸಾಗಿಸಿದಿರಿ. ಸೋಮವಾರ ಬೆಳಿಗ್ಗೆ ಸುತ್ತೋಲೆ ಬಂತು: 'ವರ್ಗಾವಣೆ ಯಶಸ್ವಿಯಾಗಿದ್ದು, ಯಾವುದೇ ದತ್ತಾಂಶ ನಷ್ಟವಾಗಿರುವುದಿಲ್ಲ.' ಜೊತೆಗೆ ಹೊಸ ಯಂತ್ರಕ್ಕೆ ಕುಂಕುಮವಿಟ್ಟು, ಹಾರ ಹಾಕಿ, ನಿಂಬೆಹಣ್ಣು ಕಟ್ಟಿದ ಫೋಟೋ. ಫೋಟೋದಲ್ಲಿ ತಾವೂ ಇದ್ದಿರಿ, ಹೊಸ ಮದುಮಗನಂತೆ. ಸ್ವಾಮಿ, ನಷ್ಟವಾಗಿದೆ. ತಮ್ಮ ನಿಂಬೆಹಣ್ಣು ಕೆಲಸ ಮಾಡಿಲ್ಲ.

ಈ ಪತ್ರ ಕನ್ನಡದಲ್ಲಿ ಯಾಕೆ ಎಂದು ತಾವು ಹುಬ್ಬೇರಿಸಬಹುದು. ತೆಲುಗಿನಲ್ಲಿ ಬರೆದೆ, ಫೈಲಿಗೆ ಹೋಯಿತು. ಇಂಗ್ಲಿಷಿನಲ್ಲಿ ಬರೆದೆ, 'ತಮ್ಮ ಸಂದೇಶ ನಮಗೆ ಅತ್ಯಮೂಲ್ಯ' ಎಂದು ಯಂತ್ರವೇ ಉತ್ತರ ಕೊಟ್ಟಿತು. ಉಳಿದದ್ದು ಮನೆಮಾತು. ಬೈಯುವುದಕ್ಕೆ ಇದರಷ್ಟು ಅನುಕೂಲ ಬೇರೊಂದಿಲ್ಲ. ಗಡಿಯಾಚೆ ಕರ್ನಾಟಕದ ಪತ್ರಿಕೆಗೆ ಕೊಟ್ಟಿದ್ದೇನೆ. ಹಿಂದೂಪುರದ ಬಸ್ ನಿಲ್ದಾಣದಲ್ಲೂ, ಪಾವಗಡದ ಕಡೆಯಿಂದ ಹೋಗುವ ಬಸ್ಸಿನಲ್ಲಿ ಕಲ್ಯಾಣದುರ್ಗಕ್ಕೂ ಅದು ಬರುತ್ತದೆ. ಈ ಕಲ್ಯಾಣದುರ್ಗದ ಸಂಗತಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ನಾನು ವಾಣಿಶ್ರೀ, ಸಂಘದ ಹಿಂದೂಪುರ ಕಚೇರಿಯ ಗುಮಾಸ್ತೆ. ಕಲ್ಯಾಣದುರ್ಗದ ಶಾಖೆಯನ್ನು ಓಬುಳೇಶ್ ನೋಡಿಕೊಳ್ಳುತ್ತಾನೆ. ಎರಡು ಕಚೇರಿಗೂ ಸೇರಿ ನಮಗಿದ್ದದ್ದು ಒಂದೇ ಇ-ಮೇಲ್ ವಿಳಾಸ, ಒಂದೇ ಪಾಸ್‌ವರ್ಡು. ಪಾಸ್‌ವರ್ಡು ಹಿಂದಿನ ಕಾರ್ಯದರ್ಶಿ ಶ್ರೀರಾಮುಲು ಅವರ ಎಮ್ಮೆಯ ಹೆಸರು. ಎಮ್ಮೆ ಸತ್ತು ವರ್ಷಗಳಾದರೂ ಪಾಸ್‌ವರ್ಡು ಹಾಲು ಕರೆಯುತ್ತಲೇ ಇತ್ತು. ಈಗ, ವಿಳಾಸ ಒಂದೇ ಆದಮೇಲೆ ನಮಗೆ ನಾವೇ ಪತ್ರ ಕಳಿಸಿಕೊಳ್ಳುವುದು ಯಾವ ಬುದ್ಧಿವಂತಿಕೆ? ಅದಕ್ಕೆ ನಾವು ಕಳಿಸುತ್ತಲೇ ಇರಲಿಲ್ಲ. ಬರೆದು, ಕಳಿಸದೆ, ಡ್ರಾಫ್ಟ್ ಪೆಟ್ಟಿಗೆಯಲ್ಲಿ ಇಟ್ಟುಬಿಡುತ್ತಿದ್ದೆವು. ಓಬುಳೇಶ್ ಅಲ್ಲಿಂದ ಅದನ್ನೇ ತೆರೆದು, ಓದಿ, ಕೆಳಗೆ ತನ್ನ ಮಾತು ಸೇರಿಸಿ ಮತ್ತೆ ಅಲ್ಲೇ ಇಡುತ್ತಿದ್ದ. ಬೀಗದ ಕೈಯನ್ನು ಗೋಡೆಯ ಗೂಡಿನಲ್ಲಿಟ್ಟು ಹೋಗುವುದಿಲ್ಲವೇ, ಹಾಗೆ. ಆ ಪೆಟ್ಟಿಗೆಗೆ ನಾವು ಗೂಡು ಎಂದೇ ಹೆಸರಿಟ್ಟಿದ್ದೆವು. ಇದು ನಿಯಮಬಾಹಿರ ಎನ್ನುತ್ತೀರಿ. ಇರಬಹುದು. ನಿಯಮ ಬರೆದವರು ಒಂದು ಸಲವಾದರೂ ಈ ಕಡೆ ಬಂದಿದ್ದರೆ ನಾವೂ ಅದನ್ನು ಓದುತ್ತಿದ್ದೆವು.

ಈಗ ಮುಖ್ಯ ವಿಷಯ. ಮುದ್ದಿರೆಡ್ಡಿಪಲ್ಲಿಯ ನೇಕಾರ ಸೀತಾರಾಮಪ್ಪನವರು ಊರಿಗೆಲ್ಲ ಸೀತಾರಾಮಣ್ಣ. ರೇಷ್ಮೆ ಸೀರೆಗೆ ಹುಣಸೆ ಎಲೆಯ ಅಂಚು ನೇಯುವುದರಲ್ಲಿ ಎತ್ತಿದ ಕೈ. ಹಟದಲ್ಲಿ ಇನ್ನೂ ಎತ್ತಿದ ಕೈ. ಇವರ ಮಗಳು ಬನಶ್ರೀ ನಾಲ್ಕು ವರ್ಷದ ಹಿಂದೆ ಕಲ್ಯಾಣದುರ್ಗದ ಕಡೆಯ ರೈತರ ಮನೆಯ ಹುಡುಗ ಜಯಚಂದ್ರನನ್ನು ತಾನೇ ಮೆಚ್ಚಿ ಮದುವೆಯಾದಳು. ಜಾತಿ ಬೇರೆ. ಅಪ್ಪ ಬೀದಿಯಲ್ಲಿ ನಿಂತು ಕೂಗಿದರು: "ಚೌಡಮ್ಮನಾಣೆ, ಇವತ್ತಿಂದ ಅವಳ ಜೊತೆ ಮಾತಿಲ್ಲ. ಕಾಗ್ದ ಕಳ್ಸಲ್ಲ, ಫೋನ್ ಮಾಡಲ್ಲ. ಅವ್ಳು ನನ್ ಪಾಲಿಗೆ ಇಲ್ಲ." ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರಲ್ಲ, ಅದರ ಮೊದಲರ್ಧ ನಮ್ಮ ಕಣ್ಣೆದುರೇ ನಡೆಯಿತು.

ಆದರೆ ಬನಶ್ರೀ ಅಲ್ಲಿ ಹೋಗಿ ಸುಮ್ಮನೆ ಕೂರಲಿಲ್ಲ. ಕಲ್ಯಾಣದುರ್ಗದ ಶಾಖೆಯಲ್ಲಿ ಹೆಸರು ಬರೆಸಿ ಮಗ್ಗ ಹಾಕಿದಳು. ಸಂಘದವರು ಅದೇ ಹುಣಸೆ ಎಲೆಯ ಅಂಚು ಅಲ್ಲೂ ನೇಯಲಿ ಎಂದರು. ಹೇಳಿಕೊಡಬೇಕಾದವರು ಯಾರು? ಸೀತಾರಾಮಣ್ಣ. ಅವರು ನನ್ನ ಮೇಜಿನ ಮುಂದೆ ಗಂಟುಮುಖ ಹಾಕಿಕೊಂಡು ಕೂತು, ಅಂಚಿನ ವಿವರ ಹೇಳಿ ಬರೆಸಿದರು. ಮುಗಿದ ಮೇಲೆ ಕೇಳಿದರು:

"ಕಳ್ಸಿಬುಟ್ಯೇನವ್ವಾ?"

"ಇಲ್ಲಣ್ಣ, ಇಲ್ಲೇ ಇಟ್ಟಿದ್ದೀನಿ. ಅವರೇ ತೆಗೆದು ನೋಡ್ಕೋತಾರೆ."

"ಹಂಗಾರೆ ಕಳ್ಸಿದಂಗೆ ಆಗ್ಲಿಲ್ಲ?"

"ಆಗ್ಲಿಲ್ಲ."

ಸೀತಾರಾಮಣ್ಣ ಸ್ವಲ್ಪ ಹೊತ್ತು ಫ್ಯಾನು ನೋಡಿದರು. ಆಮೇಲೆ ಹೇಳಿದರು: "ಹಂಗಾದ್ರೆ ಕೆಳ್ಗೆ ಇನ್ನೊಂದ್ ಸಾಲು ಹಾಕು. ಆ ಕಡೆ ನೀರು ಗಡ್ಸು. ಕಾಯ್ಸಿ ಆರ್ಸಿ ಕುಡೀಬೇಕು, ನೇಯೋರು."

ಮಾನ್ಯರೇ, ದೇವರಿಗೆ ಕೊಟ್ಟ ಮಾತಿಗೆ ಇಷ್ಟು ಸಣ್ಣ ಕಿಂಡಿ ಕೊರೆದ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಕಳಿಸಲಿಲ್ಲ, ಆದ್ದರಿಂದ ಆಣೆ ಮುರಿಯಲಿಲ್ಲ. ಅವತ್ತಿನಿಂದ ಅಪ್ಪ ಮಗಳು ನಮ್ಮ ಗೂಡಿನಲ್ಲಿ ಸಂಘದ ಭಾಷೆಯಲ್ಲಿ ಮಾತಾಡಿದರು. ಒಂದು ಸಲ ಮಗಳು ಕೆಳಗೆ ಬರೆದಿದ್ದಳು: 'ನೇಯುವವರಿಗೆ ಹುಳಿ ತಿನ್ನುವ ಆಸೆ ಹೆಚ್ಚಾಗಿದೆ. ಸಂಘದವರು ಗಮನಿಸಬೇಕಾಗಿ ವಿನಂತಿ.' ಓದಿ ಹೇಳಿದೆ. ಸೀತಾರಾಮಣ್ಣ ಎದ್ದು ಹೋದರು. ಮುಂದಿನ ವಾರ ಕಲ್ಯಾಣದುರ್ಗಕ್ಕೆ ಹೋದ ರೇಷ್ಮೆ ಕಟ್ಟಿನೊಳಗೆ ಹೊಸ ಹುಣಸೆಹಣ್ಣಿನ ಒಂದು ಗಂಟಿತ್ತು. ಇಟ್ಟವರು ಯಾರೋ, ನಮಗೇನು ಗೊತ್ತು. ಮೊಮ್ಮಗಳು ಹರಿತಾ ಹುಟ್ಟಿದ್ದು ಹೀಗೆಯೇ ಆ ಮನೆಗೆ ತಿಳಿಯಿತು. ಅವಳಿಗೆ ಹಲ್ಲು ಬಂದದ್ದು, ಅವಳು ಮಗ್ಗದ ಕೆಳಗೆ ತೂರಿ ಎಳೆ ಕಿತ್ತದ್ದು, ಎಲ್ಲವೂ 'ಉತ್ಪಾದನೆಯ ವರದಿ'ಯಲ್ಲೇ ಬಂತು. ಇದು ತಮ್ಮ ಭಾಷೆಯಲ್ಲಿ 'ಕಳಿಸದ ದತ್ತಾಂಶ.'

ಈ ಸಲ ಬನಶ್ರೀ ಸುತ್ತು ಬಳಸದೆ ಕೇಳಿದ್ದಳು. 'ಹರಿತಾಗೆ ಮೂರು ತುಂಬುತ್ತಿದೆ. ಕಿವಿ ಚುಚ್ಚಿಸಬೇಕು. ಸೋದರಮಾವನ ತೊಡೆ ಮೇಲೆ ಕೂರಿಸಬೇಕಂತೆ. ನಮಗೆ ತೊಡೆ ಇದೆಯೋ ಇಲ್ಲವೋ ತಿಳಿಸುವುದು.' ಸೋದರಮಾವ ಎಂದರೆ ಸೀತಾರಾಮಣ್ಣನ ಮಗ ಚೌಡೇಶ್. ಪೆನುಕೊಂಡದ ಹತ್ತಿರದ ಕಾರಿನ ಕಾರ್ಖಾನೆಯಲ್ಲಿ ಕೆಲಸ. ಅಕ್ಕನ ಮೇಲೆ ಪ್ರಾಣ, ಅಪ್ಪನೆಂದರೆ ನಡುಕ. ಸೀತಾರಾಮಣ್ಣ ಮೂರು ಸಲ ಕಚೇರಿಗೆ ಬಂದು, ಬರೀ ನೀರು ಕುಡಿದು ಹೋದರು. ಶುಕ್ರವಾರ ಸಂಜೆ ಬಂದು ಉತ್ತರ ಬರೆಸಿದರು. ಟೈಪು ಮಾಡಿ ಗೂಡಿನಲ್ಲಿಟ್ಟೆ. ನನ್ನ ಕಣ್ಣು ಒದ್ದೆಯಾಗಿತ್ತು, ಇದನ್ನು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಓಬುಳೇಶ್ ಅಷ್ಟರಲ್ಲಿ ಬೀಗ ಹಾಕಿ ಮನೆಗೆ ಹೋಗಿದ್ದ. ಶನಿವಾರ ಭಾನುವಾರ ತಾವು ಯಂತ್ರಕ್ಕೆ ಹಾರ ಹಾಕಿದಿರಿ. ಸೋಮವಾರ ಗೂಡು ಖಾಲಿ.

ಏನೇನು ಕ್ಷೇಮವಾಗಿ ಬಂದು ತಲುಪಿದೆ ಎಂದೂ ಹೇಳಿಬಿಡುತ್ತೇನೆ, ತಮಗೆ ಸಮಾಧಾನವಾದೀತು. ನಮಗೆ ಪರದೇಶದಲ್ಲಿ ಲಾಟರಿ ಹೊಡೆದಿದೆ ಎನ್ನುವ ಪತ್ರ ಬಂದಿದೆ. ಬೋಳುತಲೆಗೆ ಎಣ್ಣೆ ಮಾರುವವರ ಜಾಹೀರಾತು ಒಂದೂ ಬಿಡದೆ ಬಂದಿದೆ. ಶ್ರೀರಾಮುಲು ಅವರು ಪ್ರತಿ ಹಬ್ಬಕ್ಕೂ ಕಳಿಸಿದ ಮಿನುಗುವ ಗುಲಾಬಿ ಹೂಗಳು ಇಂದಿಗೂ ಮಿನುಗುತ್ತಿವೆ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರಂತೆ. ತಾವು ಕಸವನ್ನೆಲ್ಲ ಪಲ್ಲಕ್ಕಿಯಲ್ಲಿ ಹೊತ್ತು ತಂದು, ದೇವರನ್ನು ಹಳೆಯ ಗುಡಿಯಲ್ಲೇ ಬಿಟ್ಟು ಬಂದಿದ್ದೀರಿ.

ತಮ್ಮ ಶಾಖೆಗೆ ಫೋನು ಮಾಡಿದೆ. ಎತ್ತಿದವರು ನಯವಾಗಿ ನಕ್ಕರು. "ಪಂಪನಿ ಮೆಯಿಲು ಮೆಯಿಲೇ ಕಾದಮ್ಮಾ!" ಕಳಿಸದ ಮೇಲ್ ಮೇಲೇ ಅಲ್ಲವಂತೆ! ಬಂದದ್ದು, ಹೋದದ್ದು ಎರಡನ್ನು ಮಾತ್ರ ಸಾಗಿಸಲು ಆದೇಶವಿತ್ತಂತೆ. ಸ್ವಾಮಿ, ತಮ್ಮ ಮನೆಯಲ್ಲಿ ಹೇಳಬೇಕೆಂದು ಹೇಳದೇ ಉಳಿದ ಮಾತು ಒಂದೂ ಇಲ್ಲವೇ? ಇದ್ದರೆ ಅದು ಮಾತೇ ಅಲ್ಲವೇ? ಬದುಕಿನಲ್ಲಿ ಕಳಿಸಿಬಿಟ್ಟ ಮಾತುಗಳಿಂದ ಆಗಿರುವ ಅನಾಹುತ ನೋಡಿದರೆ, ಮೊದಲು ಕಾಪಾಡಬೇಕಾದದ್ದು ಕಳಿಸದವುಗಳನ್ನೇ ಎಂದು ನನಗನಿಸುತ್ತದೆ.

ಮತ್ತೆ ಬರೆದಿಡಬಹುದಲ್ಲ ಎನ್ನುತ್ತೀರಿ. ಎಲ್ಲಿ ಇಡಲಿ? ಹೊಸ ಆವೃತ್ತಿಯಲ್ಲಿ ಭದ್ರತೆಯ ಹೆಸರಿನಲ್ಲಿ ನನಗೊಂದು ಪೆಟ್ಟಿಗೆ, ಓಬುಳೇಶನಿಗೊಂದು ಪೆಟ್ಟಿಗೆ ಕೊಟ್ಟಿದ್ದೀರಿ. ನನ್ನ ಗೂಡಿನಲ್ಲಿಟ್ಟದ್ದು ನನಗೆ ಮಾತ್ರ ಕಾಣುತ್ತದೆ. ಅವನಿಗೆ ಕಾಣಬೇಕಾದರೆ ಕಳಿಸಲೇಬೇಕು. ಕಳಿಸಿದರೆ ಆಣೆ. ಸಾಲದ್ದಕ್ಕೆ ಒಳಗೆ ಹೋಗಲು ಒಟಿಪಿ ಬೇಕು, ಅದು ಬರುವುದು ನಿವೃತ್ತರಾದ ಶ್ರೀರಾಮುಲು ಅವರ ಫೋನಿಗೆ. ಅವರೋ ಹುಣಸೆಹಣ್ಣಿನ ಮಾರುಕಟ್ಟೆಯಲ್ಲಿ ಹರಟೆ ಹೊಡೆಯುತ್ತ ಫೋನನ್ನು ಯಾವುದೋ ರಾಶಿಯ ಮೇಲೆ ಮರೆತಿರುತ್ತಾರೆ. ಮೂಗಿಗಿಂತ ಮೂಗುತಿ ಭಾರವಾಯಿತು.

ನಾನೇ ಬನಶ್ರೀಗೆ ಫೋನು ಮಾಡಿ ಹೇಳಿದೆ, ನಿಮ್ಮಪ್ಪ ಬನ್ನಿ ಅಂದಿದ್ದಾರೆ ಎಂದು. ಅವಳು ಆಗಲೇ ಓಬುಳೇಶನ ಯಂತ್ರದಲ್ಲಿ ಖಾಲಿ ಗೂಡನ್ನು ಕಂಡಿದ್ದಳು. "ಬಿಡು ವಾಣಕ್ಕ. ನಾಲ್ಕು ವರ್ಸದ್ದೂ ಅಳಿಸಾಕ್ಬುಟ್ಟವ್ನೆ ನಮ್ಮಪ್ಪ. ನಾನ್ ಕೇಳಿದ್ಕೆ ಅದೇ ಉತ್ರ" ಎಂದಳು. ಅಳಿಸಿದ್ದು ನಿಮ್ಮಪ್ಪನಲ್ಲ, ಮುಖ್ಯ ಕಚೇರಿಯವರು ಎಂದರೆ ನಂಬಲಿಲ್ಲ. "ನೀನು ಒಳ್ಳೇವ್ಳು ಕಣಕ್ಕ, ಅದ್ಕೇ ಕಟ್ಟಿ ಹೇಳ್ತಿದ್ದೀಯ. ನಮ್ಮಪ್ಪನ ಮಾತು ಹೆಂಗಿರ್ತದೆ ಅಂತ ನಂಗ್ಗೊತ್ತಿಲ್ವಾ? ಬಾ ಅಂತ ನೇರವಾಗಿ ಅನ್ನೋ ಮನ್ಸನಾ ಅವ್ನು?" ಅವಳ ಮಾವ ಕದಿರಪ್ಪ, ತೊಡೆಗೇನು ಬರ, ನಮ್ಮ ಕಡೆಯ ಯಾರನ್ನಾದರೂ ಕೂರಿಸೋಣ ಎಂದಿದ್ದಾರಂತೆ. ಮುಹೂರ್ತ ಬರುವ ಭಾನುವಾರ. ಹರಿತಾ ಪರರ ತೊಡೆಯ ಮೇಲೆ ಕೂತು ಕಿವಿ ಚುಚ್ಚಿಸಿಕೊಂಡರೆ, ಆ ಎರಡು ಮನೆಗಳ ನಡುವೆ ಇನ್ನು ಯಾವ ಗೂಡೂ ಉಳಿಯುವುದಿಲ್ಲ.

ಸೀತಾರಾಮಣ್ಣನಿಗೂ ಹೇಳಿದೆ, ಇನ್ನೊಂದು ಸಲ ಹೇಳಿ, ಹೇಗಾದರೂ ಮುಟ್ಟಿಸುತ್ತೇನೆ ಎಂದು. "ಇಲ್ಲ ಕಣವ್ವ" ಎಂದರು. "ಒಂದ್ಸಲ ಹೇಳೋಕೇ ನಾಲ್ಕು ವರ್ಸ ಹಿಡೀತು." ನನಗೆ ಅವರ ಮೇಲೂ ಕೋಪ ಬಂತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು, ಅದನ್ನು ತಿದ್ದುವ ಹೊಸ ಆವೃತ್ತಿ ಇನ್ನೂ ಬಂದಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಹಳೆಯ ಯಂತ್ರ ಇನ್ನೂ ತಮ್ಮ ಉಗ್ರಾಣದ ಮೇಜಿನ ಕೆಳಗಿದೆಯೆಂದೂ, ಅದನ್ನು ಒರೆಸಿ ಗುಜರಿಗೆ ಹಾಕುತ್ತೀರೆಂದೂ ತಮ್ಮವರೇ ಬಾಯಿಬಿಟ್ಟಿದ್ದಾರೆ. ಒರೆಸಬೇಡಿ. ಒಂದು ಸಲ ಅದನ್ನು ಎಬ್ಬಿಸಿ, ಗೂಡಿನಲ್ಲಿರುವುದನ್ನೆಲ್ಲ ನಮಗೆ ದಾಟಿಸಿ. ಹಿಂದೂಪುರಕ್ಕೂ ಕಲ್ಯಾಣದುರ್ಗಕ್ಕೂ ಮೊದಲಿನಂತೆ ಒಂದೇ ಪೆಟ್ಟಿಗೆ ಕೊಡಿ. ಪಾಸ್‌ವರ್ಡಿಗೆ ಎಮ್ಮೆ ಸಾಲದೆಂದರೆ ಶ್ರೀರಾಮುಲು ಅವರ ಇಡೀ ಕೊಟ್ಟಿಗೆಯ ಹೆಸರು ಬೇಕಾದರೂ ಇಡುತ್ತೇವೆ.

ತಮ್ಮ ದೂರಿನ ಅರ್ಜಿಯಲ್ಲಿ 'ನಷ್ಟವಾದ ದತ್ತಾಂಶದ ಪೂರ್ಣ ವಿವರ' ಕೊಡಬೇಕು ಎಂದಿದೆ. ಇದನ್ನು ಸೀತಾರಾಮಣ್ಣನಿಗೆ ಓದಿ ಹೇಳಿದೆ. ಅವರು ಮತ್ತೆ ಫ್ಯಾನು ನೋಡಿದರು. "ವಿವ್ರ ಬೇಕಂತಾ ಆ ಸಾರ್‌ಗೆ?" ಎಂದರು. "ಹಂಗಾರೆ ಬರ್ಕೋ. ಇದು ಅವ್ಳಿಗಲ್ಲ ಮತ್ತೆ. ಆ ಸಾರ್‌ಗೆ." ಅವರು ಹೇಳಿದ್ದನ್ನು ಒಂದಕ್ಷರ ತಿದ್ದದೆ ಸಲ್ಲಿಸುತ್ತಿದ್ದೇನೆ:

"ತೊಡೆ ಐತೆ. ತೊಡೆ ಎಲ್ಲಿಗೂ ಹೋಗಿಲ್ಲ. ಚೌಡೇಶ ಭಾನುವಾರ ರಜಾ ಕೇಳವ್ನೆ. ಅಂಗಡೀಲಿ ಗನ್ನಿಟ್ಟು ಹೊಡ್ಸೋದು ಗಿಡ್ಸೋದು ಬ್ಯಾಡ. ಇಲ್ಲಿ ನಮ್ ಆಚಾರಿ ಕೈ ಹಗುರ, ನಿಂಗೂ ಅವ್ನೇ ಚುಚ್ಚಿದ್ದು. ಅವತ್ತು ನೀನು ನಿನ್ ಸೋದರ್ಮಾವ ದಾಸಣ್ಣನ ಕೈ ಕಚ್ಚಿ, ಅವ್ನು ವಾರವೆಲ್ಲ ಚಮಚದಲ್ಲಿ ಉಂಡ. ಈ ಮಗಾನೂ ನಿನ್ ಹೊಟ್ಟೇಲಿ ಹುಟ್ಟಿದ್ದು, ಕಚ್ಚದೆ ಇರಾಕಿಲ್ಲ. ಕಚ್ಲಿ, ಚೌಡೇಶಂಗೆ ಹೇಳಿದ್ದೀನಿ. ಆ ಹುಡುಗನ್ನೂ ಕರ್ಕೊಂಡ್ ಬಂದ್ರೆ ಹೊರ್ಗಡೆ ಜಗ್ಲಿ ಮೇಲೆ ಕೂರ್ಲಿ. ಬಿಸ್ಲಿದ್ರೆ ಒಳೀಕ್ ಬರ್ಲಿ."

ಮಾನ್ಯರೇ, ಇಷ್ಟೇ ತಾವು ಕಳೆದದ್ದು. ಸ್ಪಷ್ಟವಾಗಿರಲೆಂದು ಹೇಳುತ್ತೇನೆ: ಇದು ತಮಗೆ ಬರೆದ ಪತ್ರ. ಬನಶ್ರೀಗೆ ಯಾರೂ ಏನನ್ನೂ ಕಳಿಸಿಲ್ಲ. ಓಬುಳೇಶ್ ಕಲ್ಯಾಣದುರ್ಗದ ಬಸ್ ನಿಲ್ದಾಣದಲ್ಲಿ ಪೇಪರು ಕೊಂಡು, ಈ ಪುಟ ಮೇಲೆ ಕಾಣುವ ಹಾಗೆ ಯಾರದಾದರೂ ಮಗ್ಗದ ಮೇಲೆ ಮರೆತು ಬಂದರೆ, ಅದಕ್ಕೆ ಸೀತಾರಾಮಣ್ಣನೂ ನಾನೂ ಚೌಡಮ್ಮನೂ ಹೊಣೆಯಲ್ಲ.

ಇಂತಿ,
ಎಮ್ಮೆಯ ಹೆಸರಿನಲ್ಲಿ ಬಾಗಿಲು ತೆರೆದು, ಪರರ ಮಾತಿಗೆ ಕಾವಲು ಕೂತಿದ್ದವಳು,
ವಾಣಿಶ್ರೀ, ಹಿಂದೂಪುರ

ಮರೆತಿದ್ದೆ: ಭಾನುವಾರ ಬಿಸಿಲಿರುತ್ತದೆ. ನಮ್ಮೂರಿನಲ್ಲಿ ಯಾವತ್ತು ಇರುವುದಿಲ್ಲ?