ಬೀದಿಗಡ್ಡ ಚಪ್ಪರ

ಮೇ 3, ಬೆಳಿಗ್ಗೆ 6
ಅಂಗಳ ಗುಡಿಸಿದೆ. ಬೀದಿ ಕೊನೆಯ ಗೇಟಿನ ಕಾಲನಿಯ ಕಾರುಗಳು ಎಂದಿನಂತೆ ಹಾರ್ನ್ ಹೊಡೆಯುತ್ತಾ ಜಕಾರ್ತದ ಆಫೀಸುಗಳಿಗೆ ಹೋದವು. ನಲವತ್ತು ಮನೆ, ಸುತ್ತ ಗೋಡೆ. ಮೊದಲು ಅಲ್ಲಿ ಗದ್ದೆಯಿತ್ತು. ಅವರಿಗೂ ಹೊರಬರಲು ನಮ್ಮ ಬೀದಿಯೊಂದೇ ದಾರಿ. ಮಗಳು ಲಿಲಿಸ್ ಮದುವೆ ಹದಿನೆಂಟಕ್ಕೆ. ಮನೆ ಮುಂದೆ, ಬೀದಿಗಡ್ಡ ಚಪ್ಪರ. ಇಲ್ಲಿ ಎಲ್ಲರ ಮದುವೆಯೂ ಹಾಗೇ ಆದದ್ದು, ನನ್ನದೂ.

ಮೇ 5
ಬೀದಿಯ ಮುಖಂಡರು ದಾರ್ಮಿನ್ ಬಂದರು. ಮುಖ ಸಪ್ಪಗೆ. ಎಲ್ಲರ ಹಾಗೆ ಅವರೂ ನನ್ನನ್ನು ಕರೆಯುವುದು 'ಇಬು' ಅಂತ, ಅಂದರೆ ಅಮ್ಮ.
"ಇಬು, ಕಾಲನಿಯವ್ರು ಒಪ್ತಿಲ್ಲ. ನಮ್ಮ ಕಾರು ಹೇಗೆ ಹೋಗ್ಬೇಕು ಅಂತಾರೆ. ಅವ್ರ ಸಹಿ ಇಲ್ದೆ ನಾನು ಪರ್ಮಿಶನ್ ಕೊಡೋ ಹಾಗಿಲ್ಲ. ಯಾವ್ದಾದ್ರೂ ಛತ್ರ ನೋಡ್ಕೊಳ್ಳಿ."
"ಛತ್ರ ಯಾಕೆ? ನನ್ನ ಮಗಳಿಗೆ ಬೀದಿ ಇಲ್ವಾ? ಸಹಿ ನಾನು ತರ್ತೀನಿ."
ಹೇಳಿಬಿಟ್ಟೆ. ಹೇಗೆ ಅಂತ ಗೊತ್ತಿಲ್ಲ... ತರುತ್ತೇನೆ.

ಮೇ 9
ನಲವತ್ತು ಡಬ್ಬಿ ಊಟ — ಅನ್ನ, ಕೋಳಿ, ಖಾರದ ಆಲೂಗಡ್ಡೆ. ಸೆಕ್ಯುರಿಟಿಯವನ ಕೈಲಿ ಮನೆಮನೆಗೂ ಕಳಿಸಿದೆ. ನಮ್ಮಲ್ಲಿ ಮದುವೆಗೆ ಕರೆಯುವುದೇ ಹೀಗೆ. ಕಾರ್ಡು ಬೇಡ, ಚೀಟಿ ಬೇಡ. ಉಂಡವರು ಬರಲೇಬೇಕು, ಕೈಜೋಡಿಸಲೇಬೇಕು. ಒಂದು ಡಬ್ಬಿಯೂ ವಾಪಸ್ ಬರಲಿಲ್ಲ. ಗೆದ್ದೆ!

ಮೇ 10, ಸಂಜೆ
ಕಾಲನಿಯ ಅಧ್ಯಕ್ಷರು ಹೆಂದ್ರಾವನ್ ಬಾಗಿಲಿಗೇ ಬಂದರು.
"ಇಬು, ನಿಮ್ಮ ಕೇಟರಿಂಗ್ ಸ್ಯಾಂಪಲ್ ಸೂಪರ್! ಭಾನುವಾರಕ್ಕೆ ಇಪ್ಪತ್ತು ಡಬ್ಬಿ ಬೇಕಿತ್ತು. ರೇಟ್ ಎಷ್ಟು?"
ಮೈಯೆಲ್ಲ ಉರಿಯಿತು. ಸ್ಯಾಂಪಲ್ ಅಂತೆ!
"ಅದು ಮಾರೋ ಊಟ ಅಲ್ಲ. ಮಗಳ ಮದ್ವೆಗೆ ಕರೆದದ್ದು. ಉಂಡ್ರಾ?"
"ಉಂಡೆ... ಎರಡು ಡಬ್ಬಿ. ಪಕ್ಕದ ಮನೆಯವ್ರು ಊರಲ್ಲಿಲ್ಲ."
"ಹಾಗಾದ್ರೆ ಎರಡು ಸಲ ಬನ್ನಿ."
ಅವರ ಮುಖ ಕೆಂಪಾಯಿತು. "ನಮ್ಮಜ್ಜಿ ಊರಲ್ಲೂ ಹೀಗೇ ಇತ್ತು ಇಬು. ಮರೆತೇ ಹೋಗಿತ್ತು." ತಲೆ ತಗ್ಗಿಸಿ ಹೋದರು.

ಮೇ 16
ಮೂವತ್ತೊಂಬತ್ತು ಸಹಿ! ಹೆಂದ್ರಾವನ್ ಅವರೇ ತಂದುಕೊಟ್ಟರು. ಎರಡು ದಿನ ಕಾರುಗಳೆಲ್ಲ ಬೀದಿಯಾಚೆಯ ಮಸೀದಿ ಮೈದಾನದಲ್ಲಿ ನಿಲ್ಲುತ್ತವಂತೆ. ದಾರ್ಮಿನ್ ಕಣ್ಣುಜ್ಜಿ ಉಜ್ಜಿ ನೋಡಿದರು.

ಮೇ 18, ಬೆಳಿಗ್ಗೆ 5
ಚಪ್ಪರ ಎದ್ದಿದೆ. ಬೀದಿಗಡ್ಡ, ಈ ಗೋಡೆಯಿಂದ ಆ ಗೋಡೆಗೆ. ಹೆಂದ್ರಾವನ್ ಹೊಸ ಬಾಟಿಕ್ ಅಂಗಿಯಲ್ಲಿ ತೆಂಗಿನಕಾಯಿ ತುರಿಯಲು ಹೋಗಿ ಬೆರಳು ಕೊಯ್ದುಕೊಂಡರು. ಕಾಲನಿಯ ಹೆಂಗಸೊಬ್ಬಳು — ಆರು ವರ್ಷದಿಂದ ದಿನಾ ನನ್ನ ಬಾಗಿಲ ಮುಂದೆ ಕಾರಲ್ಲಿ ಹೋಗುವವಳು — ಈರುಳ್ಳಿ ಹೆಚ್ಚುತ್ತಾ ಕೇಳಿದಳು, "ಇಬು, ನಿಮ್ಮ ಹೆಸರೇನು?"
ತುಮಿನಿ ಅಂದೆ. ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಒಲೆಯ ಕಡೆಯಿಂದ ಅವಳೇ ಕೂಗುತ್ತಿದ್ದಾಳೆ — "ತುಮಿನಿ ಇಬು, ಬೇಗ ಬನ್ನಿ, ಅನ್ನ ತಳ ಹಿಡೀ..."